ಕನ್ನಡದ ಬೆಂಚಿಗೆ ಹತ್ತು ಮಂದಿ

ಕಲ್ಲುಪಾಳ್ಯ
4ನೇ ಜೂನ್ 1934

ಅಕ್ಕನಿಗೆ ಸಿದ್ದಪ್ಪನ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ಮನೆಯವಳು ವಳ್ಳಿಯಮ್ಮನಿಗೆ ಮೊಣಕಾಲು ನೋವು ಬಂದುಹೋಗಿ ಮಾಡುತ್ತದೆ. ಮಗಳು ರತ್ನಳಿಗೆ ಒಂಬತ್ತು ತುಂಬಿತು, ಬಾಯಿ ಮಾತ್ರ ತೊಂಬತ್ತರದ್ದು.

ಹೈಸ್ಕೂಲು ತೆರೆಯಿತು. ತೆರೆದ ದಿನವೇ ಹೆಡ್‌ಮಾಸ್ಟರು ಸುಬ್ಬರಾಯನ್ ನಮ್ಮನ್ನೆಲ್ಲ ಕೂರಿಸಿಕೊಂಡು ಜಿಲ್ಲಾ ಬೋರ್ಡಿನ ಆರ್ಡರು ಓದಿದರು. ಡ್ರಿಲ್ ಮಾಸ್ಟರು, ಡ್ರಾಯಿಂಗ್ ಮಾಸ್ಟರು, ಲೆಕ್ಕ ಹೇಳುವ ಇಬ್ಬರಲ್ಲಿ ಒಬ್ಬರು, ಈ ಮೂರು ಜಾಗ ರದ್ದಾಗಿವೆ. ನನ್ನ ಪಾಲಿಗೆ ಕನ್ನಡದ ಜೊತೆಗೆ ಚರಿತ್ರೆ, ಭೂಗೋಳ ಮತ್ತು ಡ್ರಿಲ್ ಬಂದಿವೆ. ಈ ಹೊಟ್ಟೆ ಹೊತ್ತುಕೊಂಡು ನಾನು ಡ್ರಿಲ್ ಮಾಡಿಸುವುದನ್ನು ನೋಡಿದರೆ ನೀನು ಎರಡು ದಿನ ಊಟ ಬಿಟ್ಟು ನಗುತ್ತೀಯೆ. ಎರಡು ತರಗತಿಗೆ ಒಂದೇ ಹೊತ್ತಿನಲ್ಲಿ ಪಾಠ ಬಿದ್ದಾಗ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಈ ಕೋಣೆಯವರಿಗೆ ಬರೆಯಲು ಕೊಟ್ಟು ಆ ಕೋಣೆಯವರಿಗೆ ಹೇಳುವುದು, ಮತ್ತೆ ಈ ಕಡೆ ತಿರುಗುವುದು. ನಾಲ್ಕು ದಿನಕ್ಕೇ ಕತ್ತು ಹಿಡಿದುಕೊಂಡಿದೆ.

ಆರ್ಡರಿನಲ್ಲಿ ಇನ್ನೊಂದು ಮಾತಿದೆ. ನಾಲ್ಕು, ಐದು, ಆರು, ಈ ಮೂರು ಫಾರಂಗಳೂ ಸೇರಿ ಕನ್ನಡ ತೆಗೆದುಕೊಂಡ ಹುಡುಗರು ಹತ್ತಕ್ಕೆ ಕಡಿಮೆಯಾದರೆ ಕನ್ನಡ ಪಂಡಿತನ ಜಾಗವೂ ಇಲ್ಲ. ಮಾರಂಡಹಳ್ಳಿ ಕಡೆಯಿಂದ ಸಣ್ಣ ರೈಲಿನಲ್ಲಿ ಬರುವ ಹುಡುಗರೆಲ್ಲ ಮನೆಯಲ್ಲಿ ಕನ್ನಡದವರೇ. ಆದರೆ ಶಾಲೆಗೆ ಸೇರಿಸುವಾಗ ಅಪ್ಪಂದಿರು ತಮಿಳು ಎಂದೇ ಬರೆಸುತ್ತಾರೆ. "ಮನ್ಯಾಗೆ ಆಡೋ ಮಾತ್ನ ಇಸ್ಕೂಲ್ನಾಗೆ ಏನ್ ಸಾಮಿ ಕಲ್ಯಾದು" ಎಂದು ಒಬ್ಬ ನನ್ನನ್ನೇ ಕೇಳಿದ. ಸದ್ಯಕ್ಕೆ ಒಂಬತ್ತು ಮಂದಿ ಇದ್ದಾರೆ.

ಅದಿರಲಿ. ನಿನ್ನ ಮಾದಪ್ಪ ಮೂರನೇ ಫಾರಂ ಪಾಸಾದನೆಂದು ಬರೆದಿದ್ದೆಯಲ್ಲ, ಅವನನ್ನು ಇಲ್ಲಿಗೆ ಕಳಿಸು. ಇಂಗ್ಲಿಷ್ ಇಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ಮನೆಯಲ್ಲೇ ಇರಲಿ, ಮಗನಂತೆ ನೋಡಿಕೊಳ್ಳುತ್ತೇನೆ. ಹದಿನೈದನೇ ತಾರೀಖಿಗೆ ಸೇರಿಸಿಕೊಳ್ಳುವುದು ಮುಗಿಯುತ್ತದೆ, ತಡಮಾಡಬೇಡ.

ಸಿದ್ದಪ್ಪ


ನಂಗವಳ್ಳಿ
9ನೇ ಜೂನ್ 1934

ತಮ್ಮ ಸಿದ್ದಪ್ಪನಿಗೆ ಅಕ್ಕ ಸಿದ್ದಲಕ್ಷ್ಮಮ್ಮನ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಗನಂತೆ ಎಂದು ಏಕೆ ಬರೆದೆಯೋ, ಅಳಿಯ ಎಂದೇ ಬರೆದಿದ್ದರೆ ಕೈ ಬೀಳುತ್ತಿತ್ತೇ? ಹೆಣ್ಣು ಹೆತ್ತವನು ಬಾಯಿಬಿಟ್ಟು ಕೇಳುವಂತಿಲ್ಲ, ಅಕ್ಕನ ಮಗನನ್ನು ಓದಿಗೆಂದು ಕರೆಸಿಕೊಳ್ಳುತ್ತಾನೆ. ನಮ್ಮವರಲ್ಲಿ ಇದು ಯಾರಿಗೆ ತಿಳಿಯದ ವಿಷಯ? ನಮ್ಮ ಅಪ್ಪನನ್ನು ತಾತ ಕರೆಸಿಕೊಂಡದ್ದೂ ಹೀಗೆಯೇ. ನಾಲ್ಕು ವರ್ಷದಿಂದ ನೀನಾಗಿಯೇ ಮಾತೆತ್ತುತ್ತೀಯೆ ಎಂದು ಕಾದಿದ್ದೆ. ನನಗಾದ ಸಂತೋಷಕ್ಕೆ ಗುಂಡಮ್ಮತ್ತೆಗೂ ಓರಗಿತ್ತಿಯರಿಗೂ ಕರೆದು ಬೆಲ್ಲ ಕೊಟ್ಟೆ. ಈಗ ಬೀದಿಗೆಲ್ಲ ಗೊತ್ತು.

ನಿನ್ನ ಬಾವ ಮೇಸ್ತ್ರಿಯಾಗಿರುವ ಮೆಟ್ಟೂರು ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂತು. ವಾರವಾರ ಒಂದಷ್ಟು ಜನರನ್ನು ಮನೆಗೆ ಕಳಿಸುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ನೀನು ಕೈ ಹಿಡಿದೆ.

ಮಾದಪ್ಪನ ತಮಿಳು ಮೇಷ್ಟರು ಮುತ್ತುಸ್ವಾಮಿ ವಾದ್ಯಾರರು ಮಾತ್ರ ಮುಖ ಸಣ್ಣಗೆ ಮಾಡಿಕೊಂಡರು. ತಮಿಳಿನಲ್ಲಿ ಇಂಥ ಹುಡುಗ ತಮಗೆ ಹತ್ತು ವರ್ಷದಲ್ಲಿ ಸಿಕ್ಕಿಲ್ಲ ಎಂದರು. ಅಲ್ಲಿಯೂ ತಮಿಳು ಇದ್ದೇ ಇರುತ್ತದಲ್ಲ ಎಂದು ನಾನು ಸಮಾಧಾನ ಹೇಳಿದೆ. ಅಪ್ಪ ನಮ್ಮಿಬ್ಬರಿಗೂ ಜಗಲಿಯ ಮೇಲೆ ಮರಳು ಹರಡಿ ಕನ್ನಡ ತಿದ್ದಿಸಿದ್ದರಿಂದ ನಾನು ಇಷ್ಟಾದರೂ ಬರೆಯುತ್ತೇನೆ. ನನ್ನ ಮಗನಿಗೆ ಕನ್ನಡದ ಒಂದಕ್ಷರ ಬಾರದು. ಅವನು ತಮಿಳಿನಲ್ಲಿ ಬರೆಯಲಿ, ವಾದ್ಯಾರರ ಹತ್ತಿರ ಓದಿಸಿಕೊಳ್ಳುತ್ತೇನೆ.

ಹದಿಮೂರಕ್ಕೆ ಬಾವ ಅವನನ್ನು ಮೊರಪ್ಪೂರಿಗೆ ಕರೆತರುತ್ತಾರೆ. ಸ್ಟೇಷನ್ನಿಗೆ ಬಾ.

ಅಕ್ಕ


ಕಲ್ಲುಪಾಳ್ಯ
20ನೇ ಜೂನ್ 1934

ಅಕ್ಕನಿಗೆ ನಮಸ್ಕಾರ.

ಹುಡುಗ ಸುಖವಾಗಿ ಬಂದು ಸೇರಿದ. ನಾಲ್ಕನೇ ಫಾರಂನಲ್ಲಿ ಕೂರಿಸಿದ್ದೇವೆ. ಅವನನ್ನು ಕನ್ನಡಕ್ಕೆ ಹಾಕಿದ್ದೇನೆ. ನಮ್ಮ ಅಪ್ಪನ ಮೊಮ್ಮಗನಿಗೆ ಕನ್ನಡ ಬರೆಯಲು ಬಾರದು ಎಂದರೆ ನಾಲ್ಕು ಜನ ನಗುತ್ತಾರೆ. ಮೊದಮೊದಲು ಕಷ್ಟವಾಗುತ್ತದೆ, ನಾನಿದ್ದೇನಲ್ಲ. ಹೆಡ್‌ಮಾಸ್ಟರು ಹೆಸರು ಬರೆದುಕೊಂಡು, ಅಂತೂ ನಿಮ್ಮ ಬೆಂಚು ತುಂಬಿತು ಎಂದು ನಕ್ಕರು.

ನೀನು ಬರೆದ ಆ ವಿಷಯ. ಮಕ್ಕಳಿನ್ನೂ ಚಿಕ್ಕವರು, ಕಾಲ ಬಂದಾಗ ಮಾತಾಡೋಣ. ಬೀದಿಗೆಲ್ಲ ಹೇಳಬೇಕಾಗಿರಲಿಲ್ಲ. ಹೇಳಿದ್ದಾಯಿತಲ್ಲ, ಇರಲಿ ಬಿಡು. ವಳ್ಳಿಯಮ್ಮನಿಗಂತೂ ಸಂತೋಷವಾಗಿದೆ.

ಸಿದ್ದಪ್ಪ


ನಂಗವಳ್ಳಿ
18ನೇ ನವೆಂಬರ್ 1934

ಸಿದ್ದಪ್ಪನಿಗೆ ಆಶೀರ್ವಾದ.

ಅಣೆಕಟ್ಟಿನ ಕೆಲಸ ನಿಂತಿತು. ಬಾವ ಈಗ ಹೆಂಚಿನ ಗೂಡಿಗೆ ಹೋಗುತ್ತಾರೆ, ಅದೂ ಕರೆದ ದಿನ. ಊಟಕ್ಕೆ ತೊಂದರೆಯಿಲ್ಲ, ರಾಗಿ ಇದೆ.

ಮಾದಪ್ಪನ ಕಾಗದ ಬಂತು. ತಮಿಳಿನಲ್ಲಿ ನಾಲ್ಕು ಪುಟ ಬರೆದಿದ್ದಾನೆ. ವಾದ್ಯಾರರು ಜಗಲಿಯ ಮೇಲೆ ಕೂತು ಓದಿ, ಒಂದೊಂದೇ ಮಾತಿಗೆ ಅರ್ಥ ಹೇಳಿದರು. ಏನು ಬರೆದಿದ್ದಾನೆಂದು ನೀನು ಕೇಳಬೇಡ, ತಾಯಿಗೆ ಬರೆದದ್ದು. ನಾನು ಕೇಳುವುದು ಇಷ್ಟೇ. ನಮ್ಮೂರಿನಲ್ಲಿ ಮೊದಲನೆಯವನಾಗಿದ್ದ ಹುಡುಗ ಅಲ್ಲಿ ಮೂವತ್ತನೆಯವನಾಗಿದ್ದಾನಂತೆ, ನಿಜವೇ? ನೀನು ಸಂಜೆ ಹುಡುಗರನ್ನು ಕೂರಿಸಿಕೊಂಡು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆಯಲ್ಲ, ಅದನ್ನು ಬಿಟ್ಟೆಯಂತೆ, ಏಕೆ? ಅವನನ್ನು ಕಳಿಸು ಎಂದು ನೀನು ಬರೆದದ್ದು ಯಾವ ಕಾರಣಕ್ಕೋ ನಿನಗೇ ಗೊತ್ತು. ಹೇಳುವುದಿದ್ದರೆ ಅಕ್ಕನಿಗೆ ಹೇಳು.

ರತ್ನಳಿಗೆ ಎರಡು ಗಜ ಚೀಟಿ ಬಟ್ಟೆ ತೆಗೆದಿಟ್ಟಿದ್ದೇನೆ.

ಅಕ್ಕ


ಕಲ್ಲುಪಾಳ್ಯ
16ನೇ ಡಿಸೆಂಬರ್ 1934

ಅಕ್ಕನಿಗೆ ನಮಸ್ಕಾರ.

ತಡವಾಯಿತು, ಬೈಯಬೇಡ. ಶಾಲೆಯ ಗುಮಾಸ್ತನ ಜಾಗವೂ ಹೋಯಿತು. ಅವನ ಕೆಲಸವನ್ನು ಸಂಜೆ ಹೊತ್ತು ನಾನು ಮಾಡಬೇಕೆಂದು ಹೆಡ್‌ಮಾಸ್ಟರು ಹೇಳಿದರು. ಆತ ಕೆಟ್ಟವನಲ್ಲ, ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳುತ್ತಾನೆ. ಹೀಗೆ ಸಂಜೆ ಪಾಠ ನಿಂತಿತು. ನಿಂತ ಮೇಲೆ ಹಳ್ಳಿಯ ಹುಡುಗರಿಗೆ ಏನೂ ಹತ್ತುತ್ತಿಲ್ಲ. ಇಂಗ್ಲಿಷನ್ನು ತಮಿಳಿನಲ್ಲಿ ಹೇಳಿದರೆ ಅವರಿಗೆ ಎರಡು ಸಲ ಪರಭಾಷೆ.

ಚಿಕ್ಕಮುನಿಯಪ್ಪ ಎಂಬ ಹುಡುಗ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಸಣ್ಣ ರೈಲು ಹತ್ತಿ ಮಾರಂಡಹಳ್ಳಿಗೆ ಹೋಗಿ, ಅಲ್ಲಿಂದ ಹೊಲದ ಬದು ಹಿಡಿದು ನಡೆದೆ. ಅವನಪ್ಪ ಬದನೆ ಗಿಡಕ್ಕೆ ನೀರು ಕಟ್ಟುತ್ತಿದ್ದ. "ಏಳ್ಕೊಡೋರೇ ಇಲ್ದಿರೋ ಇಸ್ಕೂಲ್ಗೆ ಮಗನ್ನ ಯಾಕ್ ಕಳಿಸ್ಲಿ" ಎಂದ. ಮೇಷ್ಟರು ಕಡಿಮೆಯಾದರೆಂದು ಹುಡುಗರು ಬಿಡುತ್ತಾರೆ, ಹುಡುಗರು ಬಿಟ್ಟರೆಂದು ಬೋರ್ಡು ಮೇಷ್ಟರನ್ನು ಕಡಿಮೆ ಮಾಡುತ್ತದೆ. ಗಾಣಕ್ಕೆ ಕಟ್ಟಿದ ಎತ್ತಿನ ಪಾಡು ನನ್ನದು. ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಆ ಹುಡುಗನನ್ನು ಕರೆದುಕೊಂಡು ಬಂದೆ.

ಈಗ ಸಂಜೆ ಆ ಹುಡುಗರಿಗೆ ಹೇಳಿಕೊಡುವವನು ನಿನ್ನ ಮಗ. ಲೆಕ್ಕ, ಇಂಗ್ಲಿಷ್ ಎರಡನ್ನೂ ನಮ್ಮ ಮನೆ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ನಾನು ಹೇಳಿದರೆ ತೂಕಡಿಸುವವರು ಅವನು ಹೇಳಿದರೆ ಕಣ್ಣು ಬಿಟ್ಟು ಕೇಳುತ್ತಾರೆ. ಅವನ ಸ್ವಂತ ಓದಿಗೆ ಹೊತ್ತು ಸ್ವಲ್ಪ ಸಾಲದು, ನಿಜ. ಸರಿಹೋಗುತ್ತದೆ.

ಕನ್ನಡ ಬರೆಯಲು ಕಲಿತಿದ್ದಾನೆ. ಇದರೊಂದಿಗೆ ಅವನ ಮೊದಲ ಕನ್ನಡ ಕಾಗದ ಇದೆ, ನಾನೇ ತಿದ್ದಿದ್ದೇನೆ. ಇನ್ನು ಮೇಲೆ ನೀನು ವಾದ್ಯಾರರ ಜಗಲಿಗೆ ಹೋಗಬೇಕಾಗಿಲ್ಲ.

ಸಿದ್ದಪ್ಪ


ನಂಗವಳ್ಳಿ
2ನೇ ಮೇ 1935

ಸಿದ್ದಪ್ಪನಿಗೆ ಆಶೀರ್ವಾದ.

ಬೇಸಿಗೆ ರಜೆಗಾದರೂ ಹುಡುಗ ಬರುತ್ತಾನೆಂದು ಕಾದೆ. ಕನ್ನಡದಲ್ಲಿ ಹಿಂದಿದ್ದಾನೆ, ಇಲ್ಲೇ ಇಟ್ಟುಕೊಂಡು ಓದಿಸುತ್ತೇನೆ ಎಂದು ನೀನು ಬರೆದೆ. ನಿನ್ನ ಮಾತಿಗೆ ನಾನು ಎದುರು ಹೇಳಿದವಳಲ್ಲ.

ಅವನು ಕನ್ನಡದಲ್ಲಿ ಬರೆಯಲು ತೊಡಗಿದ ಮೇಲೆ ಕಾಗದ ಅಂಗೈಯಷ್ಟಾಗಿದೆ. ನಾನು ಕ್ಷೇಮ, ಮಾಮ ಕ್ಷೇಮ, ಅತ್ತೆ ಕ್ಷೇಮ. ತಪ್ಪೇ ಇಲ್ಲದ ಕಾಗದ. ಆ ತಮಿಳಿನ ನಾಲ್ಕು ಪುಟವೇ ನನಗೆ ಬೇಕಾಗಿತ್ತು.

ಇಲ್ಲಿ ಒಂದು ಸುದ್ದಿ. ತಮಿಳು ಓದುವ ಬಡ ಹುಡುಗರಿಗೆ ಸೇಲಂನಲ್ಲಿ ಊಟ ವಸತಿ ಸಹಿತ ಹೈಸ್ಕೂಲಿನ ಸೀಟು ಕೊಡುತ್ತಾರಂತೆ. ಮುತ್ತುಸ್ವಾಮಿ ವಾದ್ಯಾರರಿಗೆ ಅಲ್ಲಿ ಗುರುತಿನವರಿದ್ದಾರೆ. ಯಾರ್ಯಾರಿಗೋ ಕಾಗದ ಬರೆಯುತ್ತೇನೆ ಎನ್ನುತ್ತಿದ್ದರು. ನಿನಗೂ ಬಂದರೆ ಬರಬಹುದು. ಸುಮ್ಮನೆ ತಿಳಿಸಿದೆ.

ಅಕ್ಕ


ಕಲ್ಲುಪಾಳ್ಯ
28ನೇ ಜೂನ್ 1935

ಅಕ್ಕನಿಗೆ ನಮಸ್ಕಾರ.

ಕೆಲಸದ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ಟಪಾಲಿನಲ್ಲಿ ವಿಶೇಷವೇನೂ ಬಂದಿಲ್ಲ. ಶಾಲೆ ತೆರೆದಿದೆ, ಮಾದಪ್ಪ ಐದನೇ ಫಾರಂಗೆ ಬಂದ. ಐದಕ್ಕೆ ಬಂದ ಮೇಲೆ ಭಾಷೆ ಬದಲಿಸಲು ಯಾವ ಶಾಲೆಯಲ್ಲೂ ಬಿಡುವುದಿಲ್ಲ, ಪರೀಕ್ಷೆಯ ನಿಯಮವೇ ಹಾಗಿದೆ. ಆದ್ದರಿಂದ ಅವನ ಮನಸ್ಸೂ ಇನ್ನು ಒಂದು ಕಡೆ ನಿಲ್ಲುತ್ತದೆ.

ಇಬ್ಬರು ಪಾಸಾಗಿ ಹೊರಟರು, ಇಬ್ಬರು ಹೊಸಬರು ಸೇರಿದರು. ಹತ್ತು ಮಂದಿ ಹತ್ತೇ ಇದ್ದಾರೆ.

ಸಿದ್ದಪ್ಪ


ಕಲ್ಲುಪಾಳ್ಯ
10ನೇ ನವೆಂಬರ್ 1935

ಅಕ್ಕನಿಗೆ ನಮಸ್ಕಾರ.

ಜೂನ್‌ನಿಂದ ಮೂರು ಕಾಗದ ಹಾಕಿದೆ, ನಿನ್ನದು ಒಂದೂ ಇಲ್ಲ. ಮೈಗೆ ಹುಷಾರಿಲ್ಲವೇ, ಬಾವನಿಗೆ ಕೆಲಸ ಸಿಕ್ಕಿತೇ, ಅಥವಾ ನನ್ನ ಮೇಲೆ ಕೋಪವೇ? ಕೋಪವಿದ್ದರೆ ಬೈದು ಬರೆ. ನಿನ್ನ ಬೈಗುಳ ಕೇಳಿ ಬೆಳೆದವನು ನಾನು, ಸುಮ್ಮನಿದ್ದರೆ ಭಯವಾಗುತ್ತದೆ. ಮಾದಪ್ಪ ದಿನಾ ಟಪಾಲಿನವನನ್ನು ಕೇಳುತ್ತಾನೆ.

ಸಿದ್ದಪ್ಪ


ನಂಗವಳ್ಳಿ
1ನೇ ಡಿಸೆಂಬರ್ 1935

ಸಿದ್ದಪ್ಪನಿಗೆ.

ಕೋಪವಿಲ್ಲ. ರಾಗಿ ಕೊಯ್ಲು ನಡೆದಿದೆ. ಎಲ್ಲರೂ ಇದ್ದೇವೆ.

ಸಿದ್ದಲಕ್ಷ್ಮಮ್ಮ


ಕಲ್ಲುಪಾಳ್ಯ
30ನೇ ಮಾರ್ಚ್ 1936

ಅಕ್ಕಾ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ.

ಬೋರ್ಡಿನಿಂದ ಆರ್ಡರು ಬಂದಿದೆ. ಜೂನ್‌ನಿಂದ ಈ ಶಾಲೆಯಲ್ಲಿ ಕನ್ನಡ ಇಲ್ಲ. ಹತ್ತು ಮಂದಿ ಇದ್ದರೂ ಇಲ್ಲ. ಈಗ ಲೆಕ್ಕ ಇಪ್ಪತ್ತಕ್ಕೆ ಏರಿದೆಯಂತೆ. ಹೆಡ್‌ಮಾಸ್ಟರು ಆರ್ಡರನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ನನ್ನನ್ನು ಬೆಟ್ಟದ ಬುಡದ ಒಂದು ಪ್ರಾಥಮಿಕ ಶಾಲೆಗೆ ಹಾಕಿದ್ದಾರೆ, ಅ ಆ ತಿದ್ದಿಸಲು, ತಮಿಳಿನಲ್ಲಿ. ಹುಡುಗರಲ್ಲಿ ಆರನೇ ಫಾರಂನವರು ಓದು ಮುಗಿಸಿ ಹೊರಟರು, ನಾಲ್ಕನೇ ಫಾರಂನವರು ತಮಿಳಿಗೆ ಹೋಗುತ್ತಾರೆ. ಐದು ಮುಗಿಸಿದವನು ನಿನ್ನ ಮಗ ಒಬ್ಬನೇ. ಅವನು ತಮಿಳಿಗೆ ಹೋಗುವಂತಿಲ್ಲ. ಕನ್ನಡ ಹೇಳುವವರಿಲ್ಲದೆ ಈ ಶಾಲೆ ಅವನನ್ನು ಪರೀಕ್ಷೆಗೆ ಕಳಿಸುವುದಿಲ್ಲ. ಕನ್ನಡ ಇರುವ ಶಾಲೆಗೆ ಹೊಸೂರು ದಾಟಿ ಮೈಸೂರು ಸೀಮೆಗೆ ಹೋಗಬೇಕು, ಅಲ್ಲಿ ನಮಗೆ ನಿಲ್ಲಲು ಒಂದು ಜಗಲಿಯೂ ಇಲ್ಲ. ಇಷ್ಟು ಓದಿದ ಹುಡುಗ ಒಂದು ವರ್ಷ ಬಾಕಿಯಿರುವಾಗ ನಿಂತುಹೋದ.

ಈಗ ಮಿಕ್ಕದ್ದನ್ನು ಬರೆಯುತ್ತೇನೆ. ಅವನನ್ನು ನಾನು ಅಳಿಯನೆಂದು ಕರೆಸಲಿಲ್ಲ. ಆಗ ನನಗೆ ರತ್ನಳ ಯೋಚನೆಯೇ ಇರಲಿಲ್ಲ. ಒಂಬತ್ತು ಇತ್ತು, ಹತ್ತು ಬೇಕಾಗಿತ್ತು. ನೀನು ಬೆಲ್ಲ ಹಂಚಿ ಬರೆದಾಗ, ಅಲ್ಲ ಅಕ್ಕಾ ಎಂದರೆ ನೀನು ಹುಡುಗನನ್ನು ಕಳಿಸುವುದಿಲ್ಲವೇನೋ ಎಂದು ಹೆದರಿ ಸುಮ್ಮನಾದೆ.

ಮುತ್ತುಸ್ವಾಮಿ ವಾದ್ಯಾರರ ಕಾಗದ ಹೋದ ವರ್ಷ ಮೇ ಆರನೇ ತಾರೀಖು ನನಗೆ ಬಂತು. ಸೇಲಂನಲ್ಲಿ ಮಾದಪ್ಪನ ಹೆಸರಿಗೇ ಸೀಟು ಹಿಡಿದಿದ್ದರು. ನಾಲ್ಕನೇ ಫಾರಂ ಕಳೆದಿದ್ದರೂ ತಮಿಳಿಗೆ ಸೇರಿಸಿಕೊಳ್ಳುತ್ತಾರೆ, ಜೂನ್ ಹತ್ತರೊಳಗೆ ಒಪ್ಪಿಗೆ ಬರೆಯಿರಿ ಎಂದಿತ್ತು. ಅದನ್ನು ಹಾಜರಿ ಪುಸ್ತಕದಲ್ಲಿ ಇಟ್ಟೆ. ನಾಳೆ ಬರೆಯೋಣ ಎಂದು ಹತ್ತರವರೆಗೂ ಅಂದುಕೊಂಡೆ. ಹನ್ನೊಂದನೇ ತಾರೀಖು ಬೆಳಿಗ್ಗೆ ಎದ್ದಾಗ ನನಗೆ ಸಮಾಧಾನವಾಯಿತು ಅಕ್ಕಾ. ಆ ಸಮಾಧಾನ ನೆನೆದರೆ ನನಗೆ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಗುತ್ತದೆ.

ನಿನ್ನ ಬಾಯಿಗೆ ಬಂದದ್ದು ಬರೆ.

ಸಿದ್ದಪ್ಪ


ನಂಗವಳ್ಳಿ
7ನೇ ಏಪ್ರಿಲ್ 1936

ಸಿದ್ದಪ್ಪನಿಗೆ.

ಆ ಕಾಗದವನ್ನು ವಾದ್ಯಾರರ ಕೈಯಲ್ಲಿ ಬರೆಸಿದವಳು ನಾನು.

ಹುಡುಗ ತಮಿಳಿನಲ್ಲಿ ಬರೆದ ನಾಲ್ಕು ಪುಟದಲ್ಲಿ ಎಲ್ಲ ಇತ್ತು. ನಾನಿಲ್ಲಿ ಹತ್ತನೆಯವನು ಅವ್ವ, ನಾನು ಬಿಟ್ಟರೆ ಮಾಮನ ಕೆಲಸ ಹೋಗುತ್ತದೆ ಎಂದು ಬರೆದಿದ್ದ. ವಾದ್ಯಾರರು ಅದನ್ನು ಓದಿ ತಲೆ ತಗ್ಗಿಸಿಕೊಂಡರು. ಪರರ ಬಾಯಲ್ಲಿ ತಮ್ಮನ ಮಾತು ಕೇಳಿದೆನಲ್ಲ ಎಂದು ನನಗೆ ಭೂಮಿಗಿಳಿದಂತಾಯಿತು. ಅಕ್ಕಾ, ನನ್ನ ಕೆಲಸ ಉಳಿಯಬೇಕು, ಮಗನನ್ನು ಕೊಡು ಎಂದು ನೀನು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆ. ನೀನು ಉಪಕಾರ ಮಾಡುವವನ ಹಾಗೆ ಬರೆದೆ.

ಹಾಗಾದರೆ ಅವತ್ತೇ ಏಕೆ ಹಿಂದಕ್ಕೆ ಕರೆಸಿಕೊಳ್ಳಲಿಲ್ಲ ಎಂದು ನಿನ್ನ ಬಾವ ಈಗ ಕೇಳುತ್ತಾರೆ. ಹೇಗೆ ಕರೆಸಲಿ? ಹೆಣ್ಣು ಕೊಡುವ ಮನೆಯಿಂದ ಹುಡುಗನನ್ನು ಎಬ್ಬಿಸಿಕೊಂಡು ಬಂದರೆ ಸಂಬಂಧ ಬೇಡ ಎಂದಂತೆ. ನಮ್ಮವರು ಹಾಗೆಯೇ ತಿಳಿಯುತ್ತಾರೆ, ತವರಿನ ಬಾಗಿಲು ಮುಚ್ಚುತ್ತದೆ. ನಾನೇ ಕೈಯಾರೆ ಬೆಲ್ಲ ಹಂಚಿದವಳು. ಅದಕ್ಕೇ ಬೇರೆಯವರಿಂದ ಬರೆಸಿದೆ. ಕಾರಣ ಕೈಗೆ ಸಿಕ್ಕಿದರೆ ನೀನೇ ಮರ್ಯಾದೆಯಿಂದ ಕಳಿಸಿಕೊಡುತ್ತೀಯೆ ಎಂದುಕೊಂಡೆ. ವಿಶೇಷವೇನೂ ಬಂದಿಲ್ಲ ಎಂದು ನೀನು ಬರೆದ ದಿನ ನಾನು ಒಲೆ ಹಚ್ಚಲಿಲ್ಲ.

ನಿನ್ನನ್ನು ಮಾತ್ರ ಬೈದರೆ ನ್ಯಾಯವಲ್ಲ. ನಾನೇ ಒಂದು ಬಸ್ಸು ಹತ್ತಿ, ಒಂದು ರೈಲು ಹತ್ತಿ ಬಂದು ಮಗನ ಕೈ ಹಿಡಿದು ಎಳೆದುಕೊಂಡು ಹೋಗಬಹುದಾಗಿತ್ತು. ಹೋಗಲಿಲ್ಲ. ರತ್ನ ನನ್ನ ಮನೆಗೆ ಬರಬೇಕೆಂಬ ಆಸೆ ಮಗನ ಓದಿಗಿಂತ ದೊಡ್ಡದಾಗಿತ್ತು. ಈಗಲೂ ಆ ಮಾತು ಆಡಿ ಆಗಿದೆ. ನೀನೂ ಬಿಡಲಾರೆ, ನಾನೂ ಬಿಡಲಾರೆ.

ಹುಡುಗನನ್ನು ಕಳಿಸು. ಹದಿನೈದಕ್ಕೆ ಬಾವ ಮೊರಪ್ಪೂರಿನಲ್ಲಿ ಕಾಯುತ್ತಾರೆ. ಅದಕ್ಕೆ ಮೊದಲು ಸೀಟಿನ ವಿಷಯ ಅವನಿಗೆ ನೀನೇ ಹೇಳಬೇಕು, ನಿನ್ನ ಬಾಯಲ್ಲಿ. ನಾನು ಹೇಳುವುದಿಲ್ಲ.

ಸಿದ್ದಲಕ್ಷ್ಮಮ್ಮ


ಕಲ್ಲುಪಾಳ್ಯ
14ನೇ ಏಪ್ರಿಲ್ 1936

ಅಕ್ಕಾ,

ಹೇಳಿದೆ.

ಭಾನುವಾರ ಬೆಳಿಗ್ಗೆ ನನ್ನ ಪುಸ್ತಕಗಳನ್ನು ತರಲು ಅವನನ್ನು ಶಾಲೆಗೆ ಕರೆದುಕೊಂಡು ಹೋಗಿದ್ದೆ. ಶಾಲೆಯಲ್ಲಿ ಯಾರೂ ಇರಲಿಲ್ಲ. ಅವನು ಕಪಾಟಿನಿಂದ ಒಂದೊಂದೇ ತೆಗೆದು ಧೂಳು ಹೊಡೆದು ಕಟ್ಟುತ್ತಿದ್ದ. ನಾನು ಎದುರಿಗೆ ಕೂತು, ಸೇಲಂನಿಂದ ಸೀಟು ಬಂದಿದ್ದನ್ನೂ ನಾನು ಬಚ್ಚಿಟ್ಟಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಮುಗಿಯುವವರೆಗೂ ಹುರಿ ಎಳೆದು ಗಂಟು ಹಾಕುತ್ತಲೇ ಇದ್ದ.

"ಗೊತ್ತು ಮಾಮ" ಎಂದ. "ಆಜರಿ ಬುಕ್ಕು ತಕ್ಕಂಬಾ ಅಂತ ಕಳಿಸಿದ್ರಲ್ಲ, ಮೇ ತಿಂಗ್ಳಾಗೆ, ಆವಾಗ್ಲೇ ನೋಡ್ದೆ. ಓದಿ ಅಲ್ಲೇ ಮಡಗ್ದೆ."

ತಾರೀಖು ದಾಟಲು ಆಗ ತಿಂಗಳು ಬಾಕಿ ಇತ್ತು. ಮತ್ತೇಕೆ ನನ್ನನ್ನು ಕೇಳಲಿಲ್ಲ, ಅವ್ವನಿಗೇಕೆ ಬರೆಯಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತು, ಅವನೇ ತಪ್ಪು ಮಾಡಿದವನ ಹಾಗೆ.

"ನಾ ಒಂಟೋದ್ರೆ ನೀವೂ ಇರಾಕಿಲ್ಲ. ಇಬ್ರೂ ಇಲ್ದಿದ್ರೆ ಚಿಕ್ಕಮುನಿಯಪ್ಪಂಗೆ ಸಂಜೆ ಯಾರ್ ಏಳ್ಕೊಡ್ತಾರೆ ಮಾಮ?"

ಹದಿನಾರು ವರ್ಷದ ಹುಡುಗ, ಅಕ್ಕಾ. ಬೋರ್ಡು ಮೂವರು ಮೇಷ್ಟರನ್ನು ತೆಗೆದು ಖಾಲಿಬಿಟ್ಟ ಕಡೆ ನಿನ್ನ ಮಗ ಎರಡು ವರ್ಷ ನಿಂತಿದ್ದ. ಯಾರೂ ಅವನನ್ನು ನಿಲ್ಲು ಎನ್ನಲಿಲ್ಲ. ಹೋದ ವರ್ಷ ನಾಲ್ಕನೇ ಫಾರಂನಲ್ಲೇ ನಪಾಸಾಗಿದ್ದ ಚಿಕ್ಕಮುನಿಯಪ್ಪ ಈ ಸಲ ಪಾಸಾದ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವನು ಹೋಗಿ ಒಂದು ಲೋಟ ನೀರು ತಂದುಕೊಟ್ಟ.

ವಾಪಸು ಬರುವಾಗ ದಾರಿಯಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ ಒಂದು. ತನಗೆ ಮೊದಲೇ ಗೊತ್ತಿತ್ತೆಂದು ನಿನಗೆ ಬರೆಯಬಾರದು. ನಾನು ಬಚ್ಚಿಟ್ಟಿದ್ದರೂ ನೀನು ಒಂದು ಮಾತು ಕರೆದಿದ್ದರೆ ತಾನು ಬಂದುಬಿಡುತ್ತಿದ್ದೆ ಎಂಬುದು ನಿನಗೆ ತಿಳಿದುಹೋಗುತ್ತದೆ, ಅದನ್ನು ನೀನು ತಡೆದುಕೊಳ್ಳುವುದಿಲ್ಲ ಎಂದ. ಬರೆಯುವುದಿಲ್ಲ ಎಂದು ಅವನ ಕೈ ಮುಟ್ಟಿ ಹೇಳಿದೆ.

ಆ ಮಾತನ್ನು ಈಗ ಮುರಿದಿದ್ದೇನೆ. ನಾವು ಮೂವರೂ ಬಚ್ಚಿಟ್ಟದ್ದು ಸಾಕು. ಈ ಕಾಗದವನ್ನು ಟಪಾಲಿಗೆ ಹಾಕದೆ ನಾಳೆ ಮಾದಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ, ಲಕೋಟೆ ಅಂಟಿಸಿಲ್ಲ. ರೈಲಿನಲ್ಲಿ ಅವನು ತೆಗೆದು ಓದಬಹುದು. ಕನ್ನಡ ಓದಲು ಅವನಿಗೀಗ ಚೆನ್ನಾಗಿ ಬರುತ್ತದೆ. ಓದಿದ ಮೇಲೆ ನಿನಗೆ ಕೊಡುತ್ತಾನೋ, ಕಿಟಕಿಯಿಂದ ಹೊರಗೆ ಹಾಕುತ್ತಾನೋ, ಅದು ಅವನಿಗೆ ಸೇರಿದ್ದು.

ಸಿದ್ದಪ್ಪ